ಒಂದು ಲೀಟರ್ ಫ್ಲಾಸ್ಕ್, ನಾಲ್ಕು ಲೋಟ: ಮೂರು ವರ್ಷ ಬಳಸಿದ ಮೇಲೆ

ನಮ್ಮ ದಾವಣಗೆರೆಯಲ್ಲಿ ಯಾವ ಸರ್ಕಲ್ಲಿಗೆ ಹೋದರೂ ಒಂದು ಟೀ ಅಂಗಡಿ ಸಿಗುತ್ತೆ. ಆದರೆ ಬೆಳಗಿನ ಆರೂವರೆಗೆ ಅದರ ಮುಂದೆ ನಾಲ್ಕು ಜನ ಹೆಂಗಸರು ನಿಂತು, ಆರಾಮಾಗಿ ಮಾತಾಡ್ತಾ ಎರಡು ರೌಂಡ್ ಟೀ ಕುಡಿಯೋದನ್ನ ನೀವು ನೋಡಿದೀರಾ? ನಾನಂತೂ ನೋಡಿಲ್ಲ. ಯಾರೂ ಬರಬೇಡಿ ಅನ್ನಲ್ಲ. ಆದರೂ ಹೋಗಿ ನಿಂತರೆ ಬೇಗ ಲೋಟ ಖಾಲಿ ಮಾಡಿ ಹೊರಟುಬಿಡೋಣ ಅನ್ನಿಸುತ್ತೆ, ಮಾತು ಅರ್ಧಕ್ಕೇ ನಿಲ್ಲುತ್ತೆ. 2022ರ ದೀಪಾವಳಿ ಆಫರಿನಲ್ಲಿ 1,150 ರೂಪಾಯಿ ಕೊಟ್ಟು ಒಂದು ಲೀಟರಿನ ಸ್ಟೀಲ್ ಫ್ಲಾಸ್ಕ್ ತಗೊಂಡಿದ್ದು ಈ ಕಾರಣಕ್ಕೇ. ನಾನು ಹೊಲಿಗೆ ಕೆಲಸದವಳು. ಆ ದುಡ್ಡು ನನಗೆ ಮೂರು ಲೈನಿಂಗ್ ಬ್ಲೌಸಿನ ಕೂಲಿ. ಅಂಗಡಿಯಲ್ಲಿ ಎರಡು ಸಲ ಕೈಗೆತ್ತಿಕೊಂಡು ಎರಡು ಸಲ ವಾಪಸ್ ಇಟ್ಟು, ಮೂರನೇ ಸಲಕ್ಕೆ ಬಿಲ್ ಮಾಡಿಸಿದೆ.

ಎಷ್ಟು ಗಂಟೆ ಬಿಸಿ, ಎಷ್ಟು ತೂಕ ಅನ್ನೋದೆಲ್ಲ ಡಬ್ಬದ ಮೇಲೇ ಇರುತ್ತೆ, ಅದನ್ನ ಬಿಡ್ತೀನಿ. ನಮ್ಮ ಲೆಕ್ಕ ಇಷ್ಟೆ: ಸಣ್ಣ ಸ್ಟೀಲ್ ಲೋಟಕ್ಕೆ 120 ಮಿಲಿಯಂತೆ ಎಂಟು ಲೋಟ. ನಾಲ್ಕು ಜನ, ಎರಡು ರೌಂಡ್.

ಭಾನುವಾರ ಐದು ಗಂಟೆಗೆ ಏಳ್ತೀನಿ. ಮೊದಲು ಕುದಿಯೋ ನೀರು ಹಾಕಿ ಫ್ಲಾಸ್ಕನ್ನ ಹತ್ತು ನಿಮಿಷ ಮುಚ್ಚಿಡಬೇಕು. ಇದೊಂದನ್ನ ಬಹಳ ಜನ ಮಾಡಲ್ಲ, ಆಮೇಲೆ ಫ್ಲಾಸ್ಕ್ ಸರಿಯಿಲ್ಲ ಅಂತಾರೆ. ಒಳಗಿನ ಸ್ಟೀಲ್ ತಣ್ಣಗಿದ್ದರೆ ಟೀಯ ಮೊದಲ ಬಿಸಿಯನ್ನ ಅದೇ ತಗೊಂಡುಬಿಡುತ್ತೆ. ಆ ಹತ್ತು ನಿಮಿಷದಲ್ಲಿ ಅರ್ಧ ಲೀಟರಿಗಿಂತ ಒಂಚೂರು ಜಾಸ್ತಿ ನೀರಿಗೆ ಜಜ್ಜಿದ ಶುಂಠಿ, ಎರಡು ಏಲಕ್ಕಿ ಹಾಕಿ ಚೆನ್ನಾಗಿ ಕುದಿಸ್ತೀನಿ. ಶುಂಠಿಯನ್ನ ನೀರಲ್ಲೇ ಕುದಿಸಿಬಿಟ್ಟರೆ ಹಾಲು ಒಡೆಯೋ ಭಯ ಇರಲ್ಲ. ಆಮೇಲೆ ಟೀ ಪುಡಿ, ಆಮೇಲೆ ಅರ್ಧ ಲೀಟರ್ ಹಾಲು. ಸೋಸೋದು ಎರಡು ಸಲ, ಎರಡನೇ ಸಲ ತೆಳು ಬಟ್ಟೆಯಲ್ಲಿ. ಫ್ಲಾಸ್ಕಿನ ಬಿಸಿನೀರು ಚೆಲ್ಲಿ ಟೀ ಸುರಿದಾಗ ಬರೋ ಆ ಸಣ್ಣ ಶಬ್ದ, ತುಂಬ್ತಾ ತುಂಬ್ತಾ ಮೇಲಕ್ಕೇರಿ ತೆಳ್ಳಗಾಗುತ್ತಲ್ಲ, ಅದು ಕಿವಿಗೆ ಬಿದ್ದರೆ ನನಗೆ ಭಾನುವಾರ ಶುರುವಾದ ಹಾಗೆ. ಬಿರಡೆಗೆ ತಾಗದ ಹಾಗೆ ಒಂದು ಬೆರಳು ಜಾಗ ಬಿಟ್ಟು ಮುಚ್ತೀನಿ.

ಸಕ್ಕರೆ ಮಾತ್ರ ಹಾಕಲ್ಲ. ಅದು ಬೇರೆ ಡಬ್ಬಿಯಲ್ಲಿ ಬರುತ್ತೆ. ಈ ಫ್ಲಾಸ್ಕಿನ ಬಗ್ಗೆ ನಾನು ಇಷ್ಟು ಬರೀತಿರೋದೇ ಆ ಬೇರೆ ಡಬ್ಬಿಗೋಸ್ಕರ.

ನಮ್ಮ ನಾಲ್ವರಲ್ಲಿ ದೊಡ್ಡವರು ಎದುರು ಮನೆ ಅಕ್ಕ. ಮಿಕ್ಕವರು ನಾನು, ನಮ್ಮ ನಾದಿನಿ, ಹಿಂದಿನ ಬೀದಿಯ ಟೀಚರಮ್ಮ. ಅಕ್ಕನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ಮೇಲೆ ಅವರು ನಮ್ಮ ಜೊತೆ ಹೊರಗೆ ಬರೋದನ್ನೇ ಬಿಟ್ಟಿದ್ದರು. ಊಟ ತಿಂಡಿಯಲ್ಲಿ ಹೇಗೋ ಹೊಂದಿಸಿಕೊಳ್ಳಬಹುದು, ಅರ್ಧ ದೋಸೆಗೆ ನಿಲ್ಲಿಸಬಹುದು. ಟೀ ಅಂಗಡಿಯಲ್ಲಿ ಹಾಗಲ್ಲ. ದೊಡ್ಡ ಪಾತ್ರೆಯಲ್ಲಿ ಸಕ್ಕರೆ ಹಾಕೇ ಕುದಿಸಿರ್ತಾರೆ, ಒಬ್ಬರಿಗಾಗಿ ಬೇರೆ ಮಾಡಿ ಅಂತ ಕೇಳೋಕೆ ಅಕ್ಕನಿಗೆ ಸಂಕೋಚ. ನಾವು ಮೂವರು ಕುಡಿಯುವಾಗ ಅವರು ಬರೀ ನೀರಿನ ಲೋಟ ಹಿಡ್ಕೊಂಡು ಕೂತಿರೋರು. ಎರಡು ಸಲ ಹಾಗಾಯ್ತು. ಮೂರನೇ ಸಲ ಕರೆದಾಗ, "ನೀವು ಹೋಗ್ಬನ್ರವ್ವ, ನನಗೆ ಮೊಣಕಾಲು ನೋವು" ಅಂದರು.

ಫ್ಲಾಸ್ಕ್ ಬಂದ ಮೊದಲ ಭಾನುವಾರ ಅವರ ಬಾಗಿಲಿಗೆ ಹೋಗಿ, "ಅಕ್ಕಾ, ಇದ್ರಾಗೆ ಸಕ್ಕರೆ ಹಾಕಿಲ್ಲ, ನಿಮಗಂತಲೇ ಮಾಡೀನಿ, ಬರ್ರಿ" ಅಂದೆ. ಅವರು ಏನೂ ಹೇಳದೆ ಒಳಗೆ ಹೋಗಿ ಚಪ್ಪಲಿ ಬದಲಾಯಿಸಿಕೊಂಡು ಬಂದರು. ಅವತ್ತಿಂದ ಊರಲ್ಲಿದ್ದಾಗ ಒಂದು ಭಾನುವಾರವೂ ತಪ್ಪಿಸಿಲ್ಲ.

ಹೋಗೋದು ಕುಂದುವಾಡ ಕೆರೆಗೆ. ಭದ್ರಾ ನಾಲೆಯಿಂದ ತುಂಬೋ ಈ ಕೆರೆ ನಗರಕ್ಕೆ ಕುಡಿಯೋ ನೀರು ಕೊಡುತ್ತೆ, ಏರಿ ಮೇಲೆ ನಡೆಯೋಕೆ ದಾರಿ ಇದೆ. ನಡೆದು ಕೂತು ಮೊದಲ ಲೋಟ ಕುಡಿಯುವಾಗ ಗಂಟೆ ಏಳು. ಐದೂವರೆಗೆ ತುಂಬಿದ್ದು, ಊದಿ ಊದಿ ಕುಡೀಬೇಕು. ಎರಡನೇ ರೌಂಡಿಗೆ ಮುಂಚೆ ಬೆಣ್ಣೆ ದೋಸೆ. ಎಲ್ಲಿ ತಿಂತೀವಿ ಅಂತ ಹೇಳಲ್ಲ, ಈ ಊರಲ್ಲಿ ಅದರ ಮೇಲೆ ಜಗಳ ಆಗುತ್ತೆ. ಸೌದೆ ಒಲೆ, ಕಾವಲಿ ಮೇಲೆ ಉಂಡೆ ಬೆಣ್ಣೆ, ಪಕ್ಕದಲ್ಲಿ ಖಾರವಿಲ್ಲದ ಆಲೂಗಡ್ಡೆ ಪಲ್ಯ, ತೆಂಗಿನಕಾಯಿಯ ಬಿಳಿ ಚಟ್ನಿ. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ರುಬ್ಬಿ ಹಾಕ್ತಾರೆ, ಅದಕ್ಕೇ ಅಂಚು ಗರಿಗರಿ, ನಡುವೆ ಹತ್ತಿಯಷ್ಟು ಮೆತ್ತಗೆ. ಇದನ್ನ ಶುರು ಮಾಡಿದ್ದು ಚೆನ್ನಮ್ಮ ಅನ್ನೋ ಹೆಣ್ಣುಮಗಳು ಅಂತ ಊರಲ್ಲಿ ಹಿರಿಯರು ಹೇಳ್ತಾರೆ. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನ ಕರ್ಕೊಂಡು ಬಂದು, ನಾಟಕದ ಥಿಯೇಟರ್ ಹತ್ತಿರ ಒಲೆ ಹೂಡಿದರಂತೆ. ಮೊದಮೊದಲು ರಾಗಿ ಹಿಟ್ಟಿನ ದೋಸೆ, ಅಕ್ಕಿ ಮಂಡಕ್ಕಿ ಆಮೇಲೆ ಬಂದದ್ದು. ನಾಟಕ ನೋಡೋಕೆ ಬಂದ ಜನರ ನಡುವೆ ಕೂತು ಆಕೆ ವ್ಯಾಪಾರ ಮಾಡಿದ್ದನ್ನ ನೆನೆಸಿಕೊಂಡರೆ ನನಗೆ ಪ್ರತಿ ಸಲವೂ ಎದೆ ತುಂಬುತ್ತೆ.

ಬೆಣ್ಣೆ ತಿಂದ ಬಾಯಿಗೆ ಶುಂಠಿ ಟೀ. ಅದಕ್ಕೆ ಹೋಟೆಲಿನಲ್ಲಿ ಟೇಬಲ್ ಹಿಡಿದು ಕೂರೋ ಹಾಗಿಲ್ಲ, ಹಿಂದೆ ಜನ ಕಾಯ್ತಿರ್ತಾರೆ. ಗಾಜಿನ ಮನೆ ಪಾರ್ಕಿನ ಕಡೆ ಹೋಗಿ ನೆರಳು ನೋಡಿ ಕೂತರೆ ಹತ್ತು ಗಂಟೆವರೆಗೂ ಮಾತು. ಟೀಚರಮ್ಮ ಮಗಳ ಮದುವೆ ಮಾತುಕತೆ ಮುರಿದದ್ದನ್ನ ನಮಗೆ ಮೊದಲು ಹೇಳಿದ್ದು ಅಲ್ಲೇ.

ಮೊದಲ ವರ್ಷ ಕೇಳಿದ್ದರೆ ಐದಕ್ಕೆ ಐದು ಕೊಡ್ತಿದ್ದೆ. ಎರಡನೇ ವರ್ಷ ಬಿರಡೆಯ ವಾಷರ್ ತೊಂದರೆ ಕೊಡೋಕೆ ಶುರು ಮಾಡಿತು.

2024ರ ಜನವರಿಯಲ್ಲಿ ಚಿತ್ರದುರ್ಗಕ್ಕೆ ಹೋಗಿದ್ವಿ. ಬಸ್ಸಿನಲ್ಲಿ ಸುಮಾರು ಅರವತ್ತು ಕಿಲೋಮೀಟರ್. ಬ್ಯಾಗಿನಲ್ಲಿ ಫ್ಲಾಸ್ಕ್, ಅದರ ಪಕ್ಕ ನಾದಿನಿ ರಾತ್ರಿಯೇ ಒಗ್ಗರಣೆ ಹಾಕಿದ ಖಾರ ಮಂಡಕ್ಕಿ: ಶೇಂಗಾ, ಪುಟಾಣಿ, ಕರಿಬೇವು, ಬೆಳ್ಳುಳ್ಳಿ. ಈರುಳ್ಳಿ, ನಿಂಬೆಹಣ್ಣು ಬೇರೆ ಕವರಿನಲ್ಲಿ, ಮೇಲೆ ಹೋಗಿ ಕಲಸೋಣ ಅಂತ. ಅಕ್ಕ ಕೋಟೆ ಹತ್ತೋದು ಇಪ್ಪತ್ತು ವರ್ಷದ ಮೇಲೆ. ಓಬವ್ವನ ಕಿಂಡಿ ಹತ್ತಿರ ತಣ್ಣೀರು ದೋಣಿ ಅನ್ನೋ ನೀರಿನ ಸೆಲೆ ನೋಡಿ, "ಗಂಡನ ಊಟಕ್ಕೆ ನೀರು ತರಾಕೆ ಬಂದಾಕಿ ಕೋಟಿ ಉಳಿಸಿದಳು ನೋಡು" ಅಂತ ಕೈ ಮುಗಿದರು. ನಿಧಾನಕ್ಕೆ, ನಿಂತು ನಿಂತು, ಗೋಪಾಲಸ್ವಾಮಿ ಹೊಂಡದವರೆಗೆ ಹೋದೆವು. ಬಂಡೆ ಮೇಲೆ ಬಟ್ಟೆ ಹಾಸಿ ಬ್ಯಾಗ್ ತೆಗೆದರೆ ಅಡಿಯೆಲ್ಲ ಒದ್ದೆ. ಅರ್ಧಕ್ಕಿಂತ ಹೆಚ್ಚು ಟೀ ಸೋರಿಹೋಗಿತ್ತು. ಮಂಡಕ್ಕಿ ಕಂದು ಬಣ್ಣಕ್ಕೆ ತಿರುಗಿ ಮುದ್ದೆಯಾಗಿತ್ತು. ಉಳಿದ ಮೂರು ಲೋಟ ಟೀಯನ್ನ ನಾಲ್ಕು ಮಾಡಿಕೊಂಡು ಕುಡಿದೆವು. ಅಕ್ಕ ತಮ್ಮದರಲ್ಲೂ ಅರ್ಧ ನನಗೆ ಸುರಿದು, "ನೀನು ಹೊತ್ಕೊಂಡು ಬಂದಾಕಿ" ಅಂದರು. ನನಗೆ ಅಳು ಬಂತು.

ಮನೆಗೆ ಬಂದು ನೋಡಿದರೆ ವಾಷರ್ ಹಿಗ್ಗಿ, ಒಂದು ಕಡೆ ಕೂದಲೆಳೆಯಷ್ಟು ಸೀಳಿತ್ತು. ಅದಕ್ಕೂ ಕೆಲವು ತಿಂಗಳ ಮುಂಚೆಯೇ ಅದರಲ್ಲಿ ಹಳೇ ಹಾಲಿನ ವಾಸನೆ ಬರ್ತಿತ್ತು, ವಾಸನೆ ತೆಗೆಯೋಕೆ ಅಂತ ಪ್ರತಿ ಸಲ ಚಾಕು ತುದಿಯಲ್ಲಿ ಎಬ್ಬಿಸ್ತಿದ್ದೆ. ಸೀಳಿದ್ದು ನನ್ನ ಚಾಕುವೇ ಇರಬೇಕು. ಆದರೆ ಹಿಗ್ಗಿದ್ದಕ್ಕೆ ನಾನು ಕಾರಣ ಅಲ್ಲ. ಕಂಪನಿಗೆ ಫೋನ್ ಮಾಡಿದೆ, ನಾಲ್ಕು ಸಲ. ವಾರಂಟಿ ಐದು ವರ್ಷ ನಿಜ, ಅದು ಒಳಗಿನ ನಿರ್ವಾತಕ್ಕೆ, ಅಂದರೆ ಎರಡು ಸ್ಟೀಲ್ ಪದರದ ನಡುವಿನ ಗಾಳಿಯಿಲ್ಲದ ಜಾಗಕ್ಕೆ ಮಾತ್ರ. ವಾಷರ್ ಬಿಡಿಯಾಗಿ ಕೊಡಲ್ಲವಂತೆ. ಪೂರ್ತಿ ಬಿರಡೆಯೂ ಸ್ಟಾಕ್ ಇಲ್ಲ, ಹೊಸ ಮಾಡೆಲ್ ತಗೊಳ್ಳಿ ಅಂದರು. ಸಾವಿರ ರೂಪಾಯಿ ದಾಟಿದ ವಸ್ತುವನ್ನ ಬೆರಳುಂಗುರದಂಥ ಒಂದು ರಬ್ಬರಿಗಾಗಿ ಬಿಸಾಡು ಅಂದರೆ ಹೇಗೆ? ಈ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಕಾಪಾಡಿದ್ದು ಹಳೇ ಪೇಟೆಯಲ್ಲಿ ಕುಕ್ಕರ್, ಮಿಕ್ಸಿ ರಿಪೇರಿ ಮಾಡೋ ಒಬ್ಬ ಅಣ್ಣ. ಬಿರಡೆಯನ್ನ ಕೈಯಲ್ಲಿ ತಿರುಗಿಸಿ ನೋಡಿ, ಬಿಸ್ಕತ್ತಿನ ಹಳೇ ಡಬ್ಬ ತೆಗೆದರು. ಒಳಗೆ ನೂರಾರು ರಿಂಗು. ಒಂದೊಂದೇ ಕೂರಿಸಿ, ಫ್ಲಾಸ್ಕಿಗೆ ನೀರು ತುಂಬಿ, ತಲೆಕೆಳಗು ಹಿಡಿದು, ಕೆಳಗೆ ಹಾಸಿದ ಪೇಪರ್ ನೋಡೋರು. ಆರು ರಿಂಗಿಗೂ ಪೇಪರ್ ಒದ್ದೆಯಾಯ್ತು. ಏಳನೇದು, ಬಿಳಿ ಸಿಲಿಕಾನ್ ರಿಂಗ್, ಹನಿ ಬೀಳಲಿಲ್ಲ. ಮೂವತ್ತು ರೂಪಾಯಿ. "ಇನ್ನೆರಡು ಇಟ್ಕಳಿ ಅಕ್ಕ, ಮತ್ತೆ ಈ ಸೈಜು ಸಿಗಾದು ಕಷ್ಟ" ಅಂದರು. ಆ ಎರಡು ಈಗಲೂ ಸೂಜಿ ಡಬ್ಬಿಯಲ್ಲಿವೆ.

ಚಾಕು ಬಿಟ್ಟಿದೀನಿ, ಹೆಬ್ಬೆರಳಲ್ಲಿ ಒತ್ತಿ ಜಾರಿಸಿದರೆ ವಾಷರ್ ಬರುತ್ತೆ. ಪ್ರತಿ ಸಲ ತೆಗೆದು ತೊಳೆದು ಬೇರೆ ಒಣಗಿಸ್ತೀನಿ. ಹದಿನೈದು ದಿನಕ್ಕೊಮ್ಮೆ ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ, ಬಿರಡೆ ಬಿಗಿಯದೆ ರಾತ್ರಿಯಿಡೀ ಬಿಟ್ಟರೆ ಒಳಗಿನ ಕರೆ ಬೆಳಿಗ್ಗೆ ಬ್ರಷ್ ಆಡಿಸಿದ ಕೂಡಲೇ ಬಿಡುತ್ತೆ. ಬ್ಲೀಚ್ ಬೇಡ, ಸ್ಟೀಲಿಗೆ ಆಗಲ್ಲ. ಮುಚ್ಚಿಡಬೇಡಿ, ಬಾಯಿ ತೆಗೆದೇ ಇಡಿ. ಹಾಲಿನ ಟೀಯನ್ನ ಐದು ಗಂಟೆ ಮೇಲೆ ಇಡಬೇಡಿ. ಒಂದು ಸಲ ಮಧ್ಯಾಹ್ನ ಮೂರಕ್ಕೆ ತೆಗೆದಾಗ ಹುಳಿ ವಾಸನೆ ಹೊಡೆದು ಪೂರ್ತಿ ಚೆಲ್ಲಿದ್ದೇನೆ.

ಬಿಸಿ ಹಿಡಿಯೋದರಲ್ಲಿ ಮಾತ್ರ ಇದನ್ನ ದೂರೋ ಹಾಗಿಲ್ಲ. ಕೋಟೆ ಮೆಟ್ಟಿಲಲ್ಲಿ ಬಿದ್ದು ಒಂದು ಕಡೆ ತಗ್ಗಾಗಿದೆ, ಆದರೂ ನಿರ್ವಾತ ಹೋಗಿಲ್ಲ. ಪರೀಕ್ಷೆ ಸುಲಭ: ಕುದಿಯೋ ನೀರು ತುಂಬಿ ಐದು ನಿಮಿಷ ಬಿಟ್ಟು ಹೊರಮೈ ಮುಟ್ಟಿ. ಬೆಚ್ಚಗಿದ್ದರೆ ಒಳಗೆ ಗಾಳಿ ಸೇರಿದೆ ಅಂತ ಅರ್ಥ, ಅದಕ್ಕೆ ರಿಪೇರಿ ಇಲ್ಲ. ನಂದು ಇವತ್ತಿಗೂ ತಣ್ಣಗೇ ಇರುತ್ತೆ.

ತಗೊಳ್ಳೋರು ಅಂಗಡಿಯಲ್ಲೇ ಬಿರಡೆ ಬಿಚ್ಚಿ ವಾಷರ್ ಕೈಯಿಂದ ಬರುತ್ತಾ ನೋಡಿ. ದುಡ್ಡು ಕೊಡೋಕೆ ಮುಂಚೆ, ಬಿಡಿ ವಾಷರ್ ಸಿಗುತ್ತಾ ಕೇಳಿ. ಇಲ್ಲ ಅಂದರೆ ಎಷ್ಟೇ ಆಫರ್ ಇದ್ದರೂ ಬಿಟ್ಟು ಬನ್ನಿ. ಒಬ್ಬರಿಗೆ, ಇಬ್ಬರಿಗೆ ಆದರೆ ಅರ್ಧ ಲೀಟರಿನದು ಸಾಕು, ತುಂಬಿದ ಒಂದು ಲೀಟರಿನದು ಭುಜಕ್ಕೆ ಭಾರ. ನನ್ನ ಅಂಕ ಐದಕ್ಕೆ ಮೂರೂವರೆ. ಕಳೆದ ಒಂದೂವರೆ ಪೂರ್ತಿ ವಾಷರಿಗೆ.

ಎರಡು ತಿಂಗಳಿಂದ ಕೆರೆ ಏರಿ ಮೇಲೆ ಒಬ್ಬ ಹೆಂಗಸು ಒಬ್ಬರೇ ನಡೆಯೋರು. ನಮ್ಮನ್ನ ದಾಟುವಾಗ ಹೆಜ್ಜೆ ನಿಧಾನ ಮಾಡೋರು, ನಿಲ್ತಿರಲಿಲ್ಲ. ಹೋದ ವಾರ ಅಕ್ಕನೇ ಎದ್ದು ಹೋಗಿ, "ಬಾರವ್ವ, ಒಂದು ಲೋಟ ಕುಡಿ, ಸಕ್ಕರೆ ಬೇಕಂದ್ರೆ ಬೇರೆ ಐತಿ" ಅಂತ ಕೈ ಹಿಡಿದು ಕರೆತಂದರು. ಈ ಭಾನುವಾರ ಅವರು ಲೋಟ ಮನೆಯಿಂದಲೇ ತಂದಿದ್ದರು. ಐದು ಜನಕ್ಕೆ ಎರಡು ರೌಂಡ್ ಅಂದರೆ ಹತ್ತು ಲೋಟ, ಎಂಟಕ್ಕೇ ಫ್ಲಾಸ್ಕ್ ಖಾಲಿ. ಈಗ ಒಂದೂವರೆ ಲೀಟರಿನದು ಹುಡುಕ್ತಿದೀನಿ.