ಸಾತೊಡ್ಡಿ ಜಲಪಾತ: ಕಾರು ಹಿಂದೆ ಬಿಡಿ, ನಡೆದು ಹೋಗಿ

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲೂಕಿನ ಸಾತೊಡ್ಡಿಗೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದಿದ್ದು ಜಲಪಾತದ ತಪ್ಪಿಗಲ್ಲ, ಅಲ್ಲಿಗೆ ಬರುವ ಕೆಲವರ ತಪ್ಪಿಗೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲೇ ಒಂದು ವಿಷಯ ಗೊತ್ತಿರಲಿ. ಎತ್ತರ ನೋಡಿ ಬೆರಗಾಗಬೇಕು ಅಂತ ಇದ್ದರೆ ಇಲ್ಲಿಗೆ ಬರಬೇಡಿ. ಸಾತೊಡ್ಡಿ ಇರುವುದೇ ಸುಮಾರು 15 ಮೀಟರ್. ಜೋಗ 253 ಮೀಟರ್, ಇದೇ ತಾಲೂಕಿನ ಮಾಗೋಡು ಹತ್ತಿರ ಹತ್ತಿರ 200 ಮೀಟರ್. ಅವುಗಳ ಮುಂದೆ ಇದು ಚಿಕ್ಕದು. ಆದರೆ ಜೋಗ, ಮಾಗೋಡು ಎರಡನ್ನೂ ನಾವು ದೂರದಲ್ಲಿ ಕಂಬಿ ಹಿಡಿದು ನಿಂತು ನೋಡುತ್ತೇವೆ, ಫೋಟೊ ತೆಗೆಯುತ್ತೇವೆ, ವಾಪಸ್ ಬರುತ್ತೇವೆ. ಸಾತೊಡ್ಡಿಗೆ ಕಾಡಿನೊಳಗೆ ನಡೆದುಕೊಂಡು ಹೋಗಬಹುದು. ಬೀಳುವ ನೀರಿನ ಎದುರು ಬಂಡೆ ಮೇಲೆ ಕೂತು, ಯಾರ ಜೊತೆಗೂ ಮಾತಾಡದೆ ಅರ್ಧ ದಿನ ಕಳೆಯಬಹುದು. ಹುಬ್ಬಳ್ಳಿಯ ಧೂಳು, ಹಾರ್ನು, ಅಗೆದು ಬಿಟ್ಟ ರಸ್ತೆ ಇವುಗಳಿಂದ ಬೇಸತ್ತವರಿಗೆ ಬೇಕಾಗಿರುವುದು ಇದೇ ಅಲ್ವಾ?

ನಾನು ಮೊದಲು ಅಲ್ಲಿಗೆ ಹೋಗಿದ್ದು ಒಂದು ಪ್ಯಾಕೇಜ್ ಟೂರಿನಲ್ಲಿ. ಯಾರದ್ದು ಅಂತ ಹೆಸರು ಬೇಡ. ಭಾನುವಾರ ಬೆಳಿಗ್ಗೆ ಟೆಂಪೋ ಟ್ರಾವೆಲರ್ ಹತ್ತಿಸಿಕೊಂಡು, ಒಂದೇ ದಿನದಲ್ಲಿ ನಾಲ್ಕು ಜಾಗ ತೋರಿಸುತ್ತೇವೆ ಅಂತ ಹೇಳಿ, ದಾರಿಯುದ್ದಕ್ಕೂ ಜೋರಾಗಿ ಹಾಡು ಹಾಕಿಕೊಂಡು ಹೋದರು. ಸಾತೊಡ್ಡಿಯಲ್ಲಿ ಇಳಿಸಿ "ನಲವತ್ತು ನಿಮಿಷ ರೀ, ಲಗೂನ ಬರ್ರಿ" ಅಂದರು. ನಡೆದು ಹೋಗಿ ನೀರು ನೋಡುವಷ್ಟರಲ್ಲಿ ಅರ್ಧ ಸಮಯ ಮುಗಿದಿತ್ತು. ನೀರಿಗೆ ಕಾಲು ಇಟ್ಟವರನ್ನೂ ಕೂಗಿ ಕರೆದರು. ಅಂಥ ಟೂರಿಗೆ ದುಡ್ಡು ಕೊಡಬೇಡಿ ಅಂತ ನಾನು ಖಂಡಿತ ಹೇಳುತ್ತೇನೆ. ಒಂದು ದಿನಕ್ಕೆ ಒಂದೇ ಜಲಪಾತ ಸಾಕು.

ಆಮೇಲೆ ಮನೆಯವರೆಲ್ಲ ಸೇರಿ ನಮ್ಮದೇ ಗಾಡಿಯಲ್ಲಿ, ನವೆಂಬರಿನಲ್ಲಿ, ವಾರದ ನಡುವಿನ ದಿನ ನೋಡಿ ಹೋದೆವು. ನಾನು ಬರೆಯುತ್ತಿರುವುದು ಆ ಭೇಟಿಯ ಬಗ್ಗೆ.

ಹುಬ್ಬಳ್ಳಿಯಿಂದ ಯಲ್ಲಾಪುರ ಸುಮಾರು 70 ಕಿಲೋಮೀಟರ್, ಅಂಕೋಲಾ ಕಡೆ ಹೋಗುವ ಹೆದ್ದಾರಿ. ಅಲ್ಲಿಂದ ಜಲಪಾತಕ್ಕೆ ಮತ್ತೆ 30 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಒಟ್ಟು 100 ಕಿಲೋಮೀಟರ್ ಅಂದರೂ ಎರಡು ತಾಸಿನಲ್ಲಿ ಮುಟ್ಟುತ್ತೇವೆ ಅಂದುಕೊಳ್ಳಬೇಡಿ, ಮೂರು ತಾಸು ಇಟ್ಟುಕೊಳ್ಳಿ. ಹೆದ್ದಾರಿಯಲ್ಲಿ ಲಾರಿ ಜಾಸ್ತಿ. ಯಲ್ಲಾಪುರದಿಂದ ಮುಂದೆ ತಿರುವು ಜಾಸ್ತಿ, ಕೊನೆಗೆ ಹೋದಂತೆ ರಸ್ತೆ ಕಿರಿದಾಗುತ್ತದೆ.

ಈ ದಾರಿಯೇ ನನಗೆ ಇಷ್ಟ. ಹುಬ್ಬಳ್ಳಿ ಬಿಡುವಾಗ ಎರಡೂ ಕಡೆ ಬಯಲು. ಕಲಘಟಗಿ ಬರುವಷ್ಟರಲ್ಲಿ ಮಣ್ಣು ಕೆಂಪಾಗಿ ಭತ್ತದ ಗದ್ದೆ ಶುರುವಾಗುತ್ತದೆ. ಬಣ್ಣದ ತೊಟ್ಟಿಲಿಗೆ ಹೆಸರಾದ ಊರು ಅದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ಮಲಗಿದ್ದು ಕಲಘಟಗಿ ತೊಟ್ಟಿಲಿನಲ್ಲೇ. ಅಲ್ಲಿಂದ ಮುಂದೆ ಸಾಗುವಾನಿ, ಕಿರವತ್ತಿ ದಾಟಿದ ಮೇಲೆ ನಿಜವಾದ ಕಾಡು. ಒಂದೂವರೆ ತಾಸಿನೊಳಗೆ ಬಯಲುಸೀಮೆ ಮುಗಿದು ಮಲೆನಾಡಿಗೆ ಬಂದಿರುತ್ತೇವೆ. ಗಾಡಿಯ ಕಿಟಕಿ ಇಳಿಸಿಕೊಂಡೇ ಹೋಗಿ, ಗಾಳಿ ತಂಪಾಗುವುದು ಗೊತ್ತಾಗುತ್ತದೆ.

ಈಗ ಮುಖ್ಯ ವಿಷಯ. ಎಲ್ಲರೂ ಗಾಡಿ ನಿಲ್ಲಿಸುವ ಕೊನೆಯ ಜಾಗದವರೆಗೂ ಹೋಗುತ್ತಾರೆ. ಅಲ್ಲಿಂದ ಜಲಪಾತಕ್ಕೆ ಸುಮಾರು ಒಂದು ಕಿಲೋಮೀಟರ್ ಕಾಲುದಾರಿ ಇದೆ, ಅಷ್ಟನ್ನೇ ನಡೆದು ವಾಪಸ್ ಬರುತ್ತಾರೆ. ನಾವು ಹಾಗೆ ಮಾಡಲಿಲ್ಲ. ಅವ್ವನಿಗೆ ಮಂಡಿ ನೋವು, ಅದಕ್ಕೆ ಭಾವ ಅವರನ್ನು ಕೂರಿಸಿಕೊಂಡು ಕಾರನ್ನು ಮುಂದೆ ಒಯ್ದರು. ಉಳಿದ ನಾವೆಲ್ಲ ಕೆಲವು ಕಿಲೋಮೀಟರ್ ಹಿಂದೆಯೇ ಇಳಿದು ರಸ್ತೆಯಲ್ಲೇ ನಡೆದೆವು. ಇದನ್ನೇ ನೀವೂ ಮಾಡಿ ಅಂತ ಕೈಮುಗಿದು ಕೇಳುತ್ತೇನೆ. ಕಾಡೊಳಗೆ ನುಗ್ಗಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ, ದಾರಿ ತಪ್ಪುವ ಭಯವೂ ಇಲ್ಲ. ಇರುವ ರಸ್ತೆಯಲ್ಲೇ ಸುಮ್ನೆ ನಡೆಯುವುದು. ವಾರದ ದಿನ ತಾಸಿಗೊಂದು ಬೈಕ್ ಬಂದರೆ ಹೆಚ್ಚು.

ಆ ರಸ್ತೆಯ ಒಂದು ಬದಿಗೆ ಮರಗಳ ಸಂದಿಯಲ್ಲಿ ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರು ಕಾಣುತ್ತದೆ. ಕಾಳಿ ನದಿಗೆ ಕಟ್ಟಿದ ಸಾಲು ಅಣೆಕಟ್ಟುಗಳಲ್ಲಿ ಇದೂ ಒಂದು, ಇಲ್ಲಿ 120 ಮೆಗಾವ್ಯಾಟ್ ವಿದ್ಯುತ್ ಬರುತ್ತದೆ. ಸಾತೊಡ್ಡಿಯ ನೀರು ಬಿದ್ದ ಮೇಲೆ ಹರಿದು ಸೇರುವುದೂ ಈ ಹಿನ್ನೀರಿಗೇ. ನೀರು ಕಡಿಮೆಯಾದಾಗ ದಂಡೆಯ ಕೆಂಪು ಮಣ್ಣು ಪಟ್ಟಿಯ ಹಾಗೆ ಕಾಣುತ್ತದೆ. ಬೆಳಿಗ್ಗೆ ಅದರ ಮೇಲೆ ಮಂಜು ಇತ್ತು, ನಾವು ಅಲ್ಲೇ ನಿಂತುಬಿಟ್ಟೆವು.

ನಡೆಯುವಾಗ ಒಂದು ಮಾತು ಮಾಡಿಕೊಂಡಿದ್ದೆವು: ಅರ್ಧ ತಾಸು ಯಾರೂ ಮಾತಾಡಬಾರದು, ಫೋನ್ ತೆಗೆಯಬಾರದು. ಮಕ್ಕಳು ಮೊದಲು ನಕ್ಕರು, ಆಮೇಲೆ ಅವರೇ ಬೆರಳು ತೋರಿಸಿ ತೋರಿಸಿ ನಮ್ಮನ್ನು ನಿಲ್ಲಿಸತೊಡಗಿದರು. ಮೊದಲು ಬರೀ ಜೀರುಂಡೆ ಸದ್ದು ಕೇಳುತ್ತದೆ. ಕಿವಿ ಹೊಂದಿಕೊಂಡ ಮೇಲೆ ಬೇರೆ ಬೇರೆ ಸದ್ದು ಬಿಡಿಸಿ ಕೇಳುತ್ತವೆ, ಎಲ್ಲೋ ಒಣ ಎಲೆ ಸರಿದಿದ್ದು, ಬಿದಿರು ಬಿದಿರಿಗೆ ತಿಕ್ಕಿದ್ದು, ಮೇಲೆ ಕೊಂಬೆಯಲ್ಲಿ ಕೆಂದಳಿಲು ಹಾರಿದ್ದು. ಒಂದು ಕಡೆ ತಲೆ ಮೇಲೆ ಜೋಡಿ ಮಂಗಟ್ಟೆ ಹಕ್ಕಿ ಹಾದುಹೋದವು. ಅವುಗಳ ರೆಕ್ಕೆ ಸದ್ದು ಕೇಳಿದ್ದೀರಾ? ಹಳೇ ಉಗಿಬಂಡಿ ಸ್ಟೇಷನ್ ಬಿಟ್ಟು ಹೊರಟ ಹಾಗೆ ಇರುತ್ತದೆ. ನನ್ನ ಹೆಂಡತಿ ಅವತ್ತು ಜಲಪಾತಕ್ಕಿಂತ ಅದನ್ನೇ ಜಾಸ್ತಿ ನೆನೆಸಿಕೊಂಡಳು.

ಗಾಡಿ ನಿಲ್ಲಿಸುವಲ್ಲಿ ಪ್ರವೇಶ ಮತ್ತು ಪಾರ್ಕಿಂಗ್ ಶುಲ್ಕ ಇದೆ, ಚಿಲ್ಲರೆ ಇಟ್ಟುಕೊಳ್ಳಿ. ನೆಟ್‌ವರ್ಕ್ ಸಿಗುವುದಿಲ್ಲ, ಫೋನ್‌ನಲ್ಲಿ ದುಡ್ಡು ಕಳಿಸುತ್ತೇನೆ ಅನ್ನುವ ನಂಬಿಕೆ ಬೇಡ. ಅಲ್ಲಿಂದ ಕೊನೆಯ ಕಾಲುದಾರಿ ಸುಲಭ. ಅವ್ವ ಕೋಲು ಹಿಡಿದು ನಿಧಾನಕ್ಕೆ, ನಡುನಡುವೆ ಕೂತು, ಪೂರ್ತಿ ನಡೆದರು. ಮರದ ನೆರಳು ದಾರಿಯುದ್ದಕ್ಕೂ ಇದೆ. ನೀರು ಕಾಣುವುದಕ್ಕಿಂತ ಬಹಳ ಮೊದಲೇ ಅದರ ಸದ್ದು ಕೇಳಿಸುತ್ತದೆ, ತಿರುವು ತಿರುವಿಗೂ ಜೋರಾಗುತ್ತದೆ.

ಜಲಪಾತದ ಬಗ್ಗೆ ಹೇಳುವುದಾದರೆ, ಇದು ಸುತ್ತಲಿನ ಹಲವು ಹಳ್ಳಗಳು ಕೂಡಿ ಬೀಳುವ ನೀರು. ಅಗಲವಾದ ಬಂಡೆಯ ಮೇಲಿನಿಂದ ಬಿಳಿಯಾಗಿ ಹರಡಿಕೊಂಡು ಇಳಿಯುತ್ತದೆ, ಕೆಳಗೆ ಮಡುವು, ಮಡುವಿನ ಸುತ್ತ ಬಂಡೆಗಳು. ನವೆಂಬರಿನಲ್ಲಿ ನೀರು ತಿಳಿಯಾಗಿತ್ತು, ತಳದ ಕಲ್ಲು ಕಾಣುತ್ತಿತ್ತು, ಕೊರೆಯುವಷ್ಟು ತಣ್ಣಗಿತ್ತು. ನಾವು ಹೋದಾಗ ಅಲ್ಲಿ ಇದ್ದದ್ದು ಒಂದೇ ಒಂದು ಕುಟುಂಬ, ಅವರೂ ಶಾಂತವಾಗಿ ಕೂತಿದ್ದರು.

ನೀರಿಗೆ ಇಳಿಯುವ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ದಡದಲ್ಲಿ ಕಾಲು ಬಿಟ್ಟು ಕೂರಿ, ಮೊಣಕಾಲಿನವರೆಗಿನ ನೀರಿನಲ್ಲಿ ಮಕ್ಕಳನ್ನು ಆಡಿಸಿ, ಅಷ್ಟೇ. ಬೀಳುವ ನೀರಿನ ಕೆಳಗೆ ಹೋಗಿ ನಿಲ್ಲಬೇಡಿ, ಬಂಡೆ ಹತ್ತಿ ಮೇಲೆ ಹೋಗಬೇಡಿ. ಪಾಚಿ ಕಣ್ಣಿಗೆ ಕಾಣುವುದಿಲ್ಲ, ಕಾಲಿಗಷ್ಟೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಬಿಸಿಲಿದ್ದರೂ ಮೇಲೆ ಗುಡ್ಡದಲ್ಲಿ ಮಳೆಯಾಗಿ ಹಳ್ಳಕ್ಕೆ ಒಮ್ಮೆಲೇ ನೀರು ಬರಬಹುದು. ನೀರು ಕೆಂಪಾದರೆ, ಕಸಕಡ್ಡಿ ತೇಲಿ ಬಂದರೆ, ಚೀಲ ಚಪ್ಪಲಿ ಅಂತ ನೋಡದೆ ಎದ್ದು ಮೇಲೆ ಬನ್ನಿ. ಅಲ್ಲಿ ಪೆಟ್ಟಾದರೆ ಆಸ್ಪತ್ರೆ ಯಲ್ಲಾಪುರದಲ್ಲಿ, ಫೋನ್ ಹತ್ತುವುದಿಲ್ಲ. ಪ್ರತಿ ಮಳೆಗಾಲ ಎಲ್ಲೋ ಒಂದು ಜಲಪಾತದಿಂದ ಯಾರದೋ ಮನೆಯ ಹುಡುಗನ ಸುದ್ದಿ ಬರುತ್ತದೆ, ಓದಿದಾಗ ಹೊಟ್ಟೆ ತಳಮಳಿಸುತ್ತದೆ.

ಇನ್ನು ಕಳೆದ ಆ ಅರ್ಧ ಅಂಕ. ಬಂಡೆಗಳ ಸಂದಿಯಲ್ಲಿ ಬಿಯರ್ ಬಾಟಲಿ ಚೂರು, ಶಾಂಪೂ ಪ್ಯಾಕೆಟ್, ಗುಟ್ಕಾ ಚೀಟಿ, ಚಿಪ್ಸ್ ಪ್ಯಾಕೆಟ್. ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗ ಅದು. ಇದನ್ನು ಅಲ್ಲಿಯ ಊರಿನವರು ತಂದು ಹಾಕಿದ್ದಲ್ಲ, ಹೊರಗಿನಿಂದ ಹೋದವರು ಎಸೆದಿದ್ದು, ಅದರಲ್ಲಿ ನಮ್ಮ ಹುಬ್ಬಳ್ಳಿ ಧಾರವಾಡದ ಗಾಡಿಗಳೂ ಇರುತ್ತವೆ. ಭಾನುವಾರ ಹೋದಾಗ ಬ್ಲೂಟೂತ್ ಸ್ಪೀಕರ್ ಹಚ್ಚಿಕೊಂಡು ಕುಣಿಯುವವರನ್ನೂ ನೋಡಿದ್ದೆ. ಕಾಡಿಗೆ ಬಂದು ಕಾಡಿನ ಸದ್ದನ್ನೇ ಮುಚ್ಚುವುದು ಯಾಕೆ? ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ನಾವು ಎರಡು ಗೋಣಿಚೀಲ ಒಯ್ದಿದ್ದೆವು, ಬರುವಾಗ ಸಿಕ್ಕಷ್ಟು ಪ್ಲಾಸ್ಟಿಕ್ ತುಂಬಿಕೊಂಡು ಯಲ್ಲಾಪುರಕ್ಕೆ ತಂದೆವು. ನೀವೂ ಒಂದು ಚೀಲ ಗಾಡಿಯಲ್ಲಿ ಇಟ್ಟುಕೊಳ್ಳಿ. ಸೋಪು, ಶಾಂಪೂ ಅಂತೂ ಬೇಡವೇ ಬೇಡ, ಅದು ಸ್ನಾನದ ಮನೆ ಅಲ್ಲ.

ಊಟಕ್ಕೆ ಅಲ್ಲಿ ಏನನ್ನೂ ನಂಬಿ ಹೋಗಬೇಡಿ. ಬುತ್ತಿ ಕಟ್ಟಿಕೊಂಡು ಹೋಗಿ. ನಾವು ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಒಯ್ದಿದ್ದೆವು. ನಡೆದು ಹಸಿದ ಹೊಟ್ಟೆಗೆ ಅದರ ರುಚಿಯೇ ಬೇರೆ. ಆದರೆ ನೀರಿನ ಹತ್ತಿರ ಬಿಚ್ಚಬೇಡಿ, ಮಂಗಗಳು ಬರುತ್ತವೆ, ಗಾಡಿ ಹತ್ತಿರ ವಾಪಸ್ ಬಂದು ಉಣ್ಣಿ. ಆ ಭಾಗದ ಕೆಲವು ಹವ್ಯಕರ ಮನೆಗಳಲ್ಲಿ ಮೊದಲೇ ಹೇಳಿದರೆ ಊಟ ಮಾಡಿ ಹಾಕುತ್ತಾರೆ. ಮಜ್ಜಿಗೆಯ ತಂಬುಳಿ, ಮಾವಿನಕಾಯಿಯ ಅಪ್ಪೆಹುಳಿ ಉಂಡಿಲ್ಲದ ನಮ್ಮ ಕಡೆಯವರು ಒಮ್ಮೆ ಉಣ್ಣಲೇಬೇಕು. ಹಿಂದಿನ ದಿನವೇ ಫೋನ್ ಮಾಡಿ, ಎಷ್ಟು ಜನ ಅಂತ ಸರಿಯಾಗಿ ಹೇಳಿ, ಹೇಳಿದ ಮೇಲೆ ತಪ್ಪಿಸಬೇಡಿ. ಅವರು ನಿಮಗೋಸ್ಕರವೇ ಅಡುಗೆ ಮಾಡಿರುತ್ತಾರೆ.

ಯಾವಾಗ ಹೋಗಬೇಕು? ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ನೀರು ಇರುತ್ತದೆ, ಕೆಸರು ಇರುವುದಿಲ್ಲ. ಬೇಸಿಗೆ ಹತ್ತಿರ ಬಂದಂತೆ ನೀರು ಸಣ್ಣಗಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಜಲಪಾತಕ್ಕೆ ಅಬ್ಬರ ಜಾಸ್ತಿ ನಿಜ, ಆದರೆ ಉಂಬಳದ (ಜಿಗಣೆ) ಕಾಟ, ಕೆಸರು, ಜೊತೆಗೆ ಮಳೆ ಜೋರಾದಾಗ ಪ್ರವಾಸಿಗರನ್ನು ಬಿಡದೆ ಇರುವುದೂ ಉಂಟು. 2021ರ ಜುಲೈ ಮಳೆಯಲ್ಲಿ ಇದೇ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಎಲ್ಲ ಹಾಳಾಗಿದ್ದು ನೆನಪಿರಬೇಕು. ಜೋರು ಮಳೆ ಇದ್ದಾಗ ಸುಮ್ನೆ ಮನೆಯಲ್ಲಿ ಇರಿ. ಯಾವ ತಿಂಗಳಾದರೂ ಭಾನುವಾರ ಬೇಡ. ಬೆಳಿಗ್ಗೆ ಹುಬ್ಬಳ್ಳಿಯನ್ನು ಆರಕ್ಕೆ ಬಿಟ್ಟರೆ ಒಂಬತ್ತರ ಸುಮಾರಿಗೆ ನಡೆಯಲು ಶುರು ಮಾಡಬಹುದು.

ಸ್ವಂತ ಗಾಡಿ ಇಲ್ಲದವರಿಗೆ: ಯಲ್ಲಾಪುರದವರೆಗೆ ಹುಬ್ಬಳ್ಳಿಯಿಂದ ಬಸ್ ಧಾರಾಳವಾಗಿ ಇವೆ. ಅಲ್ಲಿಂದ ಆಟೊ ಅಥವಾ ಜೀಪು ಮಾತಾಡಿಕೊಳ್ಳಬೇಕು. ಕಾಯುವುದಕ್ಕೂ ಸೇರಿಸಿ ಎಷ್ಟು ಅಂತ ಹತ್ತುವ ಮೊದಲೇ ಕೇಳಿ, ಮತ್ತೆ "ಅಣ್ಣಾ, ನಮ್ಮನ್ನ ಸ್ವಲ್ಪ ಹಿಂದೆಯೇ ಇಳಿಸಿ, ನಡೆದು ಬರ್ತೀವಿ" ಅಂತ ಹೇಳಿ. ಪೆಟ್ರೋಲ್, ನೀರು, ಔಷಧಿ ಎಲ್ಲ ಯಲ್ಲಾಪುರದಲ್ಲೇ ತೆಗೆದುಕೊಳ್ಳಿ.

ತುಂಬಾ ಜನ ಕೇಳುವುದು, ಅದೇ ದಿನ ಮಾಗೋಡನ್ನೂ ನೋಡಬಹುದಾ ಅಂತ. ಬೇಡ. ಮಾಗೋಡಿಗೆ ಬೇರೆ ದಿನ ಕೊಡಿ, ಯಾಕೆಂದರೆ ಅಲ್ಲಿ ಬೀಳುವುದು ನಮ್ಮದೇ ನೀರು. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಗೆ ಸೇರಿ, ಆ ಬೇಡ್ತಿಯೇ ಮಾಗೋಡಿನಲ್ಲಿ ಧುಮುಕಿ, ಮುಂದೆ ಗಂಗಾವಳಿ ಅಂತ ಹೆಸರು ಪಡೆದು ಅರಬ್ಬೀ ಸಮುದ್ರ ಸೇರುತ್ತದೆ. ನಮ್ಮಲ್ಲಿ ಮೂಡಣಕ್ಕೆ ಬಿದ್ದ ಮಳೆ ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆ ಅಂತ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಪಡುವಣಕ್ಕೆ ಬಿದ್ದದ್ದು ಮಾಗೋಡಿಗೆ. ಇದನ್ನು ಮಕ್ಕಳಿಗೆ ಸೋಮೇಶ್ವರದಲ್ಲಿ ತೋರಿಸಿ, ಆಮೇಲೆ ಮಾಗೋಡಿಗೆ ಕರೆದೊಯ್ದರೆ ಚೆನ್ನಾಗಿರುತ್ತದೆ. ಎರಡನ್ನೂ ಒಂದೇ ಪ್ರವಾಸದಲ್ಲಿ ಮಾಡಲೇಬೇಕು ಅಂದರೆ ಯಲ್ಲಾಪುರದಲ್ಲಿ ಒಂದು ರಾತ್ರಿ ಉಳಿಯಿರಿ. ಮೊದಲ ದಿನ ಪೂರ್ತಿ ಸಾತೊಡ್ಡಿ, ಮರುದಿನ ಮಧ್ಯಾಹ್ನದ ಮೇಲೆ ಮಾಗೋಡು, ಸಂಜೆ ಅಲ್ಲೇ ಹತ್ತಿರದ ಜೇನುಕಲ್ಲು ಗುಡ್ಡದಲ್ಲಿ ಸೂರ್ಯ ಮುಳುಗುವುದನ್ನು ನೋಡಿಕೊಂಡು ಹೊರಟರೆ ರಾತ್ರಿ ಊಟದ ಹೊತ್ತಿಗೆ ಹುಬ್ಬಳ್ಳಿ.