ಅಮಾರ್ಫಸ್ ಅಂತಾನೂ ಬರೆದ್ರು, ಕ್ರಿಸ್ಟಲ್ ಸೈಜೂ ಕೊಟ್ರು: ಒಂದು ಟೆಸ್ಟಿಂಗ್ ಲ್ಯಾಬ್ ರಿವ್ಯೂ

ಹಾಸನದಲ್ಲಿ ಕೂತು ಮೆಟೀರಿಯಲ್ಸ್ ರಿಸರ್ಚ್ ಮಾಡೋರ ಪಾಡು ಏನಂದ್ರೆ, ಮಗು ಇಲ್ಲಿ ಹುಟ್ಟುತ್ತೆ, ಜಾತಕ ಬರೆಸೋಕೆ ಬೆಂಗಳೂರಿಗೆ ಕಳಿಸ್ಬೇಕು. ಬೆಳಗ್ಗೆ ಕಾಲೇಜಲ್ಲಿ ಪಾಠ, ಸಂಜೆ ಪಾರ್ಟ್ ಟೈಮ್ ಪಿಎಚ್‌ಡಿ, ಕಬ್ಬಿಣ ಸಿಲಿಕಾನ್ ಬೋರಾನ್ ಪುಡಿ ಬಾಲ್ ಮಿಲ್‌ಗೆ ಹಾಕಿ 40 ಗಂಟೆ ಕುಟ್ಟಿಸೋದು, ಅದು ಅಮಾರ್ಫಸ್ ಆಯ್ತಾ ಇಲ್ವಾ ಅಂತ ಯಾರಾದ್ರೂ ಹೇಳ್ಬೇಕಲ್ಲ, ಅದಕ್ಕೆ ದುಡ್ಡು ಕೊಟ್ಟು ಟೆಸ್ಟ್ ಮಾಡಿಸೋ ಬೆಂಗಳೂರಿನ ಒಂದು ಪ್ರೈವೇಟ್ ಲ್ಯಾಬ್ ಹಿಡಿದಿದ್ದೆ. ಹೆಸರು ಹಾಕಲ್ಲ. ನನ್ನ ಮೂರು ಸ್ಯಾಂಪಲ್ ಇನ್ನೂ ಅವರ ಹತ್ರಾನೇ ಇದೆ!

ಈ ಫೀಲ್ಡ್ ಅಲ್ಲದವರಿಗೆ ಎರಡು ಮಾತು. ಕಲ್ಲುಸಕ್ಕರೆ ನೋಡಿದೀರಲ್ಲ, ಪಾಕ ನಿಧಾನಕ್ಕೆ ಬಿಟ್ರೆ ಕಣಗಳು ಸಾಲಾಗಿ ಜೋಡಿಸ್ಕೊಂಡು ಹರಳಾಗುತ್ತೆ. ಅದೇ ಪಾಕ ಬೇಗ ಆರಿಸಿದ್ರೆ ಕಡಲೆ ಮಿಠಾಯಿ ಥರ ಗಾಜಿನ ಹಾಗೆ ಗಟ್ಟಿಯಾಗುತ್ತೆ, ಒಳಗೆ ಸಾಲೂ ಇಲ್ಲ ಗೀಲೂ ಇಲ್ಲ, ಅಮಾರ್ಫಸ್ ಅಂದ್ರೆ ಅದೇ. (ಮಳೆಗಾಲದಲ್ಲಿ ಮಿಠಾಯಿ ಅಂಟಂಟಾಗೋದೂ ಇದೇ ಕಥೆ, ತೇವ ಹೀರಿದಷ್ಟೂ ಗ್ಲಾಸ್ ಟ್ರಾನ್ಸಿಷನ್ ಟೆಂಪರೇಚರ್, ಅಂದ್ರೆ ಗಾಜಿನಂಥದ್ದು ಮೆತ್ತಗಾಗೋ ಬಿಸಿ, ಕೆಳಗೆ ಬರುತ್ತೆ.) ಲೋಹದಲ್ಲಿ ಇದನ್ನ ಮೊದಲು ಮಾಡಿದ್ದು 1960ರಲ್ಲಿ ಕ್ಯಾಲ್‌ಟೆಕ್‌ನ ಪೋಲ್ ಡುವೆ ಅವರ ಗುಂಪು, ಚಿನ್ನ ಸಿಲಿಕಾನ್ ಮಿಶ್ರಲೋಹದಲ್ಲಿ, ಸೆಕೆಂಡಿಗೆ ಹತ್ತು ಲಕ್ಷ ಡಿಗ್ರಿ ಲೆಕ್ಕದಲ್ಲಿ ತಣಿಸಿ. ಈಗ ತಿರುಗೋ ತಾಮ್ರದ ಚಕ್ರದ ಮೇಲೆ ಕರಗಿದ ಲೋಹ ಚಿಮ್ಮಿಸಿ ಪಟ್ಟಿ ಎಳೀತಾರೆ. ನಮ್ಮಲ್ಲಿ ಆ ಮೆಷಿನ್ ಎಲ್ಲಿಂದ ಬರ್ಬೇಕು, ಅದಕ್ಕೇ ಕುಟ್ಟೋದು.

ಪುಡಿ ಕಳಿಸೋರಿಗೆ ಒಂದು ಎಚ್ಚರಿಕೆ, ಇದು ಲ್ಯಾಬ್ ತಪ್ಪಲ್ಲ. ಆರ್ಗಾನ್‌ನಲ್ಲಿ ಕುಟ್ಟಿದ ಕಬ್ಬಿಣದ ಪುಡಿಯ ಜಾರ್ ಗಬಕ್ಕನೆ ತೆಗೀಬೇಡಿ, ಗಾಳಿ ತಾಗಿದ ತಕ್ಷಣ ಕಾಯುತ್ತೆ, ಕಿಡಿಯೂ ಬರಬಹುದು. ನನ್ನ ಜಾರ್ ಒಂದ್ಸಲ ಕೈಯಲ್ಲಿ ಹಿಡಿಯೋಕಾಗದಷ್ಟು ಬಿಸಿಯಾಗಿತ್ತು. ಸ್ವಲ್ಪ ಸ್ವಲ್ಪವೇ ಗಾಳಿ ಬಿಟ್ಟು, ಕೆಲವು ದಿನ ಹಾಗೇ ಇಟ್ಟು, ಆಮೇಲೆ ಸಿಲಿಕಾ ಜೆಲ್ ಜೊತೆ ಪ್ಯಾಕ್ ಮಾಡಿ.

ಮೊದಲನೇ ಎಕ್ಸ್‌ಆರ್‌ಡಿ (ಎಕ್ಸ್‌ರೇ ಬಿಟ್ಟು ಅದು ಯಾವ ಕೋನಕ್ಕೆ ಚೆದುರುತ್ತೆ ಅಂತ ನೋಡೋ ಟೆಸ್ಟ್, ಹರಳಿದ್ರೆ ಚೂಪು ಪೀಕ್, ಇಲ್ದಿದ್ರೆ ಅಗಲ ಗುಡ್ಡ) ರಿಪೋರ್ಟ್ ನಾಲ್ಕೇ ದಿನಕ್ಕೆ ಬಂತು. ಸ್ಪೀಡಿಗೆ ಫುಲ್ ಮಾರ್ಕ್ಸ್. ಪಿಡಿಎಫ್ ತೆಗೆದ್ರೆ 45 ಡಿಗ್ರಿ ಹತ್ರ ಅಗಲವಾದ ಒಂದು ಗುಡ್ಡ, ಕೆಳಗೆ "ಅಮಾರ್ಫಸ್". ಖುಷಿಯಾಗಿ ಗೈಡ್‌ಗೆ ಫಾರ್ವರ್ಡ್ ಮಾಡೇ ಬಿಟ್ಟೆ. ಆಮೇಲೆ ನೋಡ್ತೀನಿ, ಅದೇ ಪುಟದ ಕೊನೇಲಿ "ಕ್ರಿಸ್ಟಲೈಟ್ ಸೈಜ್ 1.7 ನ್ಯಾನೊಮೀಟರ್". ಅಲ್ಲ ಸ್ವಾಮಿ, ಹರಳೇ ಇಲ್ಲ ಅಂದ್ಮೇಲೆ ಹರಳಿನ ಸೈಜ್ ಎಲ್ಲಿಂದ ಬಂತು? ಸಾಫ್ಟ್‌ವೇರ್‌ಗೆ ಗುಡ್ಡ ಸಿಕ್ತು, ಪೀಕ್ ಅಗಲದಿಂದ ಹರಳಿನ ಸೈಜ್ ಲೆಕ್ಕ ಹಾಕೋ ಶೆರರ್ ಫಾರ್ಮುಲಾಗೆ ಹಾಕ್ತು, ನಂಬರ್ ಉದುರಿಸ್ತು. ಯಾರೂ ಕಣ್ಣಾಡಿಸಿಲ್ಲ.

ರಾ ಡೇಟಾ ಕೇಳಿದೆ. (ಯಾವ ಲ್ಯಾಬೇ ಆಗ್ಲಿ ರಾ ಫೈಲ್ ಕೇಳಿ ಇಸ್ಕೊಳಿ, ಪಿಡಿಎಫ್ ಚಿತ್ರ ಇಟ್ಕೊಂಡು ಏನೂ ಮಾಡಕ್ಕಾಗಲ್ಲ.) ನಿಮಿಷಕ್ಕೆ 10 ಡಿಗ್ರಿ ಸ್ಪೀಡಲ್ಲಿ 20ರಿಂದ 80ರವರೆಗೆ ಓಡಿಸಿದಾರೆ, ಅಂದ್ರೆ ಆರು ನಿಮಿಷ, ನಮ್ಮನೆ ಫಿಲ್ಟರಲ್ಲಿ ಡಿಕಾಕ್ಷನ್ ಇಳಿಯೋಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಅದ್ರ ಮೇಲೆ ಎಕ್ಸ್‌ರೇ ಹುಟ್ಟಿಸೋಕೆ ತಾಮ್ರದ ಟ್ಯೂಬ್. ತಾಮ್ರದ ಎಕ್ಸ್‌ರೇ ಶಕ್ತಿ 8.05 ಕೆಇವಿ, ಕಬ್ಬಿಣ 7.11 ದಾಟಿದ್ದನ್ನೆಲ್ಲ ನುಂಗಿ ತಾನೇ ಹೊಳೆಯೋಕೆ ಶುರು ಮಾಡುತ್ತೆ, ಆ ಗದ್ದಲದಲ್ಲಿ ಸಣ್ಣ ಪುಟ್ಟ ಪೀಕ್ ಇದ್ರೂ ಮುಳುಗಿ ಹೋಗುತ್ತೆ. ಕೋಬಾಲ್ಟ್ ಟ್ಯೂಬ್‌ದು 6.93, ಆ ತಂಟೆ ಇಲ್ಲ. ಕಬ್ಬಿಣದ ಸ್ಯಾಂಪಲ್ ಅಂತ ಫಾರ್ಮಲ್ಲೇ ಬರೆದಿದ್ದೆ ನಾನು.

ಫೋನ್ ಮಾಡಿದೆ. ಈ ಲ್ಯಾಬ್‌ನ ನಾನು ಇನ್ನೂ ಬಿಟ್ಟಿಲ್ಲ ಅಂದ್ರೆ ಫೋನ್ ಎತ್ತಿದ ಆ ಆಪರೇಟರ್ ಹುಡುಗನೇ ಕಾರಣ.

"ಮೇಡಂ, ಕೋಬಾಲ್ಟ್ ಮೆಷಿನ್ ಇದೆ, ಆದ್ರೆ ಕ್ಯೂ ಇದೆ."

"ಹಾಸನಾಂಬ ಕ್ಯೂ ನೋಡಿದೋಳಪ್ಪ ನಾನು, ಕಾಯ್ತೀನಿ. ನಿಮಿಷಕ್ಕೆ ಒಂದೇ ಡಿಗ್ರಿ ಓಡಿಸು."

"ಗಂಟೆ ಲೆಕ್ಕ ಆಗುತ್ತೆ ಮೇಡಂ, ರೇಟ್ ಬೇರೆ."

ರೇಟ್ ಬೇರೆ, ಅದ್ರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಈ ಸಲ ನಾನೂ ಒಂದು ಕಿತಾಪತಿ ಮಾಡಿದೆ. ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡೋ ಪರಿಚಯದವರ ಶೆಡ್‌ನಲ್ಲಿ ಹಳೇ ಅಮಾರ್ಫಸ್ ಕೋರ್ ಬಿದ್ದಿತ್ತು, ಅದರ ಒಂದು ಪಟ್ಟಿ ತಂದೆ. ಸುಮಾರು 25 ಮೈಕ್ರಾನ್ ದಪ್ಪ, ಒಂದು ಮುಖ ಥಳಥಳ, ಚಕ್ರ ತಾಗಿದ ಮುಖ ಮಂಕು, ಬಗ್ಗಿಸಿದ್ರೆ ಹಪ್ಪಳದ ಥರ ಪಟ್ ಅನ್ನುತ್ತೆ. ಅದು ಏನು ಅಂತ ಹೇಳ್ದೆ ಸ್ಯಾಂಪಲ್ ನಂಬರ್ 4 ಅಂತ ಪುಡಿ ಜೊತೆ ಸೇರಿಸಿ ಬೆಂಗಳೂರು ಬಸ್ಸಿಗೆ ಹಾಕಿದೆ.

ಬಂದ ಡೇಟಾ ನೋಡಿ ನನಗೇ ನಾಚಿಕೆ ಆಯ್ತು. ನಂಬರ್ 4 ನೀಟಾದ ಗುಂಡು ಗುಡ್ಡ, ಎಷ್ಟು ಜೂಮ್ ಮಾಡಿದ್ರೂ ಬೇರೆ ಏನೂ ಇಲ್ಲ. ನನ್ನ ಪುಡಿಯ ಗುಡ್ಡದ ನೆತ್ತಿ ಮೇಲೆ 52.4 ಡಿಗ್ರಿಗೆ ಒಂದು ಗೂನು, ಆಲ್ಫಾ ಕಬ್ಬಿಣದ್ದು (ಅಂದ್ರೆ ಮಾಮೂಲಿ ಹರಳು ಕಬ್ಬಿಣ), ಕೋಬಾಲ್ಟ್‌ನಲ್ಲಿ ಅದು ಬರೋ ಜಾಗ ಅದೇ. ಬಿಡಿಸಿ ಫಿಟ್ ಮಾಡಿದ್ರೆ ಅಗಲ ಹೆಚ್ಚು ಕಮ್ಮಿ ಒಂದು ಡಿಗ್ರಿ, ಅಂದ್ರೆ 10 ನ್ಯಾನೊಮೀಟರ್ ಆಸುಪಾಸಿನ ಹರಳು. ಅದೂ ಮೆಷಿನ್ನಿನ ಸ್ವಂತ ಅಗಲ ಕಳೀದೆ, ಕುಟ್ಟಿದಾಗ ಬರೋ ಸ್ಟ್ರೇನ್ (ಹರಳಿನ ಒಳಗಿನ ಎಳೆತ) ಲೆಕ್ಕಕ್ಕೆ ತಗೊಳ್ದೆ. ಅಂತೂ ಪೂರ್ತಿ ಅಮಾರ್ಫಸ್ ಆಗಿಲ್ಲ, ಅರ್ಧಂಬರ್ಧ. ಗೈಡ್‌ಗೆ ಎರಡನೇ ಮೆಸೇಜ್ ಹಾಕೋಕೆ ಎರಡು ದಿನ ಹಿಡೀತು.

ಡಿಎಸ್‌ಸಿ (ಕಾಯಿಸ್ತಾ ಸ್ಯಾಂಪಲ್ ಎಷ್ಟು ಶಾಖ ತಗೊಳುತ್ತೆ, ಬಿಡುತ್ತೆ ಅಂತ ನೋಡೋ ಟೆಸ್ಟ್) ಪರವಾಗಿಲ್ಲ. ಮೊದಲು ಅಲ್ಯೂಮಿನಿಯಂ ಪ್ಯಾನ್‌ನಲ್ಲಿ ಹಾಕಿ 500 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಸಿದ್ರು, ಪ್ಯಾನ್ 660ಕ್ಕೆ ಕರಗುತ್ತೆ ಅಂತ ಭಯ, ನನ್ನ ಪೀಕ್ ಏಳೋದೇ ಆಮೇಲೆ. ಅಲ್ಯೂಮಿನಾ ಪ್ಯಾನ್ ಕೇಳಿ 700ರವರೆಗೆ ಬಿಡಿಸಿದೆ, 500 ದಾಟಿದ ಮೇಲೆ ಶಾಖ ಬಿಡೋ ಪೀಕ್ ಬಂತು, ಅದೇ ಸ್ಯಾಂಪಲ್ ತಣ್ಣಗಾದ್ಮೇಲೆ ಮತ್ತೆ ಓಡಿಸಿದ್ರೆ ಆ ಪೀಕ್ ಮಾಯ. ಅಂದ್ರೆ ಮೊದಲ ಸಲ ಕಾದಾಗ ಹರಳಾಗಿ ಶಾಖ ಬಿಟ್ಟ ಅಮಾರ್ಫಸ್ ಭಾಗ ಒಂದಷ್ಟು ಇದ್ದದ್ದು ಹೌದು. ಈ ಎರಡನೇ ರನ್‌ಗೆ ಚಾರ್ಜ್ ಮಾಡ್ಲಿಲ್ಲ, ಥ್ಯಾಂಕ್ಸ್. ಆದ್ರೆ ಕಿಸ್ಸಿಂಜರ್ ಪ್ಲಾಟ್‌ಗೆ (ಹರಳಾಗೋಕೆ ಎಷ್ಟು ಶಕ್ತಿ ಬೇಕು ಅಂತ ಲೆಕ್ಕ ಹಾಕೋ ಗ್ರಾಫ್) ನಿಮಿಷಕ್ಕೆ 10, 20, 40 ಡಿಗ್ರಿ ಅಂತ ಮೂರು ಹೀಟಿಂಗ್ ರೇಟ್ ಕೇಳಿದ್ದಕ್ಕೆ ಮೂರು ಸ್ಯಾಂಪಲ್ ದುಡ್ಡೇ ತಗೊಂಡ್ರು.

ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಫೋಟೋ ಮಾತ್ರ ಸೂಪರ್, ಥೀಸಿಸ್ ಕವರ್‌ಗೆ ಹಾಕ್ಬಹುದು. ಜೊತೆಗೆ ಕೊಟ್ಟ, ಯಾವ ಧಾತು ಎಷ್ಟಿದೆ ಅಂತ ಹೇಳೋ ಇಡಿಎಸ್ ಟೇಬಲ್‌ನಲ್ಲಿ ಬೋರಾನ್‌ಗೆ ದಶಮಾಂಶದ ನಂತರ ಎರಡು ಅಂಕಿ. ಬೋರಾನ್ ಸಿಗ್ನಲ್ ಇರೋದು 0.18 ಕೆಇವಿ ಹತ್ರ, ಪಕ್ಕದಲ್ಲೇ 0.28ಕ್ಕೆ ಕಾರ್ಬನ್, ಸ್ಯಾಂಪಲ್ ಅಂಟಿಸಿರೋದು ಕಾರ್ಬನ್ ಟೇಪ್ ಮೇಲೆ. ಆ ಅಂಕಿ ನಂಬೋದಕ್ಕಿಂತ ಗಿಳಿಶಾಸ್ತ್ರದವನ ಹತ್ರ ಕೇಳೋದು ಅಗ್ಗ. ಬೋರಾನ್ ಬೇಕಂದ್ರೆ ಐಸಿಪಿ (ಸ್ಯಾಂಪಲ್ ಕರಗಿಸಿ ಧಾತು ಅಳೆಯೋ ಟೆಸ್ಟ್) ಮಾಡಿಸಿ.

ನನ್ನ ರೇಟಿಂಗ್ 5ಕ್ಕೆ 3. ಮೆಷಿನ್‌ಗಳಿಗೆ ನಾಲ್ಕೂವರೆ, ರಿಪೋರ್ಟ್ ಬರೆಯೋರಿಗೆ ಒಂದು. ಏನು ಬೇಕು ಅಂತ ಗೊತ್ತಿದ್ದು ಟ್ಯೂಬ್, ಸ್ಪೀಡು, ಪ್ಯಾನ್ ಎಲ್ಲ ನೀವೇ ಬರೆದು ಕೊಡೋ ಹಾಗಿದ್ರೆ ಧಾರಾಳವಾಗಿ ಹೋಗಿ. "ಟೆಸ್ಟ್ ಮಾಡಿ ಏನು ಅಂತ ನೀವೇ ಹೇಳಿ ಸರ್" ಅನ್ನೋ ಹಾಗಿದ್ರೆ ಬೇಡ.

ನಂಬರ್ 4 ಯಾವ ಸ್ಯಾಂಪಲ್ ಮೇಡಂ, ಇಷ್ಟು ನೀಟಾಗಿ ಹೇಗ್ ಮಾಡಿದ್ರಿ ಅಂತ ಮೊನ್ನೆ ಆ ಹುಡುಗ ವಾಟ್ಸಾಪ್ ಮಾಡಿದ್ದ. ಇನ್ನೂ ರಿಪ್ಲೈ ಮಾಡಿಲ್ಲ.