ಕರುಳಿನ ಕಾವಲಿಗೆ ಆ್ಯಪೋ, ಕಿಟ್ಟೋ, ನೋಟ್‌ಬುಕ್ಕೋ?

ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ದೀರ್ಘಕಾಲದ ಕಾಯಿಲೆ) ಇರುವವರು ಆಸ್ಪತ್ರೆಗೆ ಹೋದರೆ ಮೊದಲು ಹುಡುಕುವುದು ಡಾಕ್ಟರ ಕೋಣೆಯನ್ನಲ್ಲ, ಶೌಚಾಲಯವನ್ನು. ಹಾಗಾಗಿ ಮನೆಯಿಂದಲೇ ನಿಗಾ ಇಡಬಹುದು ಎಂದಾಗ ಮರುಮಾತಿಲ್ಲದೆ ಒಪ್ಪಿದೆ. ಒಪ್ಪಿದ್ದನ್ನು ಬಿಡದೆ ಮಾಡುವ ಕಷ್ಟ ಆಮೇಲೆ ಗೊತ್ತಾಯಿತು.

ಮೊದಲು ಆ್ಯಪ್. ಹಗಲು ಎಷ್ಟು ಸಲ ಹೋದಿರಿ, ರಾತ್ರಿ ಎದ್ದಿರಾ, ತಡೆದುಕೊಳ್ಳಲು ಆಯಿತೇ, ರಕ್ತ ಬಿತ್ತೇ, ಕೀಲು ನೋವಿದೆಯೇ? ಎರಡು ನಿಮಿಷದ ಕೆಲಸ. ಹೊಟ್ಟೆ ಕೆಟ್ಟ ವಾರಗಳಲ್ಲಿ ಇದು ನಿಜವಾದ ಆಸರೆ; ಉತ್ತರಗಳಿಗೆ ಸಿಗುವ ಅಂಕ ಏರಿದ ದಿನವೇ ನರ್ಸ್ ಫೋನ್ ಮಾಡಿದರು. 2017ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ 909 ರೋಗಿಗಳಿದ್ದರು. ದೂರದಿಂದಲೇ ನಿಗಾದಲ್ಲಿದ್ದವರಲ್ಲಿ ಆಸ್ಪತ್ರೆ ಭೇಟಿಯೂ ದಾಖಲಾಗುವುದೂ ಕಡಿಮೆಯಾಗಿದ್ದವು. ನಂಬುತ್ತೇನೆ. ಆದರೆ ಆರಾಮಾಗಿದ್ದಾಗಲೂ ದಿನಾ ಟಣ್ ಎಂದು ಬಂದು ‘ನೀನು ರೋಗಿ’ ಅನ್ನುತ್ತಿದ್ದರೆ ಎಷ್ಟು ದಿನ ಸಹಿಸುವುದು? ಐದನೇ ವಾರಕ್ಕೆ ಓದದೆಯೇ ಎಲ್ಲಕ್ಕೂ ‘ಇಲ್ಲ’ ಒತ್ತತೊಡಗಿದೆ.

ಮನೆಯಲ್ಲೇ ಮಲ ಪರೀಕ್ಷಿಸುವ ಕಿಟ್‌ಗೆ ಹೀಗೆ ಸುಳ್ಳು ಹೇಳಲಾಗದು. ಮಾದರಿ ತೆಗೆಯುವ ಕಡ್ಡಿ ಹಿಡಿದು ಮೊದಲ ಸಲ ಸುಮ್ಮನೆ ನಿಂತುಬಿಟ್ಟಿದ್ದೆ. ಮೂರನೆಯ ಸಲಕ್ಕೆ ಹೇಸಿಗೆ ಹೋಗಿತ್ತು. ಮಲವನ್ನು ದ್ರಾವಣದಲ್ಲಿ ಕಲಸಿ, ಪಟ್ಟಿಯ ಮೇಲೆ ಹನಿ ಬಿಟ್ಟು, ಹೇಳಿದಷ್ಟು ಹೊತ್ತು ಕಾದು ಫೋನಿನಲ್ಲಿ ಫೋಟೋ ತೆಗೆಯಬೇಕು. ಅಳೆಯುವುದು ಕ್ಯಾಲ್‌ಪ್ರೊಟೆಕ್ಟಿನ್ ಅನ್ನು: ಉರಿಯೂತವಿರುವ ಕರುಳಿಗೆ ನುಗ್ಗುವ ಬಿಳಿ ರಕ್ತಕಣಗಳಿಂದ ಬರುವ ಪ್ರೋಟೀನ್. ಗ್ರಾಂ ಮಲದಲ್ಲಿ 50 ಮೈಕ್ರೋಗ್ರಾಂ ಒಳಗಿದ್ದರೆ ನೆಮ್ಮದಿ, 250 ದಾಟಿದರೆ ಸಾಮಾನ್ಯವಾಗಿ ಎಚ್ಚರಿಕೆ, ನಡುವಿನದು ಗೋಜಲು. ಆ್ಯಪ್‌ನಲ್ಲಿ ಎಲ್ಲಕ್ಕೂ ‘ಇಲ್ಲ’ ಒತ್ತಿದ್ದ ವಾರವೇ ಕಿಟ್ 410 ತೋರಿಸಿತು. ನಿಜಕ್ಕೂ ನನಗೇನೂ ಅನಿಸಿರಲಿಲ್ಲ. ಲ್ಯಾಬ್‌ನಲ್ಲಿ ಮತ್ತೆ ನೋಡಿದರೂ ಹೆಚ್ಚೇ ಇತ್ತು, ಔಷಧ ಬದಲಾಯಿತು.

ಇನ್ನೊಮ್ಮೆ ಶನಿವಾರ ರಾತ್ರಿ 300 ಬಂತು. ಕೇಳೋಣವೆಂದರೆ ಯಾರೂ ಇಲ್ಲ. ಸೋಮವಾರದವರೆಗೆ ನಿದ್ದೆಯಿಲ್ಲ. ಬೆನ್ನು ನೋವಿಗೆ ನುಂಗಿದ್ದ ಐಬುಪ್ರೊಫೇನ್‌ನಿಂದಲೂ ಹೀಗಾಗಬಹುದು ಎಂದರು ಡಾಕ್ಟರ್. ವಾರಾಂತ್ಯಕ್ಕೆ ಕಿಟ್ ಮುಟ್ಟುವುದನ್ನು ಅಂದೇ ಬಿಟ್ಟೆ.

ನೋಟ್‌ಬುಕ್ಕಿನ ವಿಷಯ ಹೇಳುವುದೇ ಬೇಡ. ಅಪಾಯಿಂಟ್‌ಮೆಂಟಿನ ಹಿಂದಿನ ರಾತ್ರಿ ಮೂರು ತಿಂಗಳ ಲೆಕ್ಕವನ್ನು ಒಂದೇ ಪೆನ್ನಲ್ಲಿ ತುಂಬುತ್ತಿದ್ದೆ.

ಈಗಿನ ಒಪ್ಪಂದ: ಆರಾಮಿದ್ದರೆ ಆ್ಯಪ್ ತಿಂಗಳಿಗೊಮ್ಮೆ, ಕೆಟ್ಟರೆ ವಾರಕ್ಕೊಮ್ಮೆ, ಕಿಟ್ ಮೂರು ತಿಂಗಳಿಗೊಮ್ಮೆ, ಅದೂ ಮಂಗಳವಾರ. ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿ ಮಾತ್ರ ಹೇಗಿತ್ತೋ ಹಾಗೇ ಇದೆ, ಹಿಂದಿನ ದಿನದ ಭೇದಿ ದ್ರಾವಣವೂ ಸೇರಿ.